ಉಪ್ಪು ಎಲ್ಲಿಗೆ ಹೋಯಿತು? ಒಂದು ಅಪ್ಪೆಮಿಡಿ ಘಟಕದ ಪ್ರಕರಣ

ಇದು ಶಿರಸಿ ತಾಲೂಕಿನ ಒಂದು ಉಪ್ಪಿನಕಾಯಿ ಘಟಕದ ಕಥೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಡ್ರಮ್ಮುಗಳ ಸಂಖ್ಯೆ, ಲೀಟರಿನ ಲೆಕ್ಕ ಸ್ವಲ್ಪ ಆಚೀಚೆ ಮಾಡಿದ್ದೇನೆ. ತಪ್ಪುಗಳನ್ನು ಮಾತ್ರ ಆಚೀಚೆ ಮಾಡಿಲ್ಲ. ಅವುಗಳಲ್ಲಿ ದೊಡ್ಡದು ನನ್ನದೇ. ನಾನು ಕೆಮಿಸ್ಟ್ರಿ ಕಲಿಸಿ ನಿವೃತ್ತನಾದ ಮಾಸ್ತರ. ನೀರಿನ ಪರೀಕ್ಷೆ ಗೊತ್ತೆಂದು ಸುತ್ತಲಿನವರು ಕರೆಯುತ್ತಾರೆ, ಹೋಗುತ್ತೇನೆ.

ಮನೆ ಮತ್ತು ಮಿಡಿ

ಘಟಕ ಅಂದರೆ ದೊಡ್ಡ ಕಾರ್ಖಾನೆ ಏನಲ್ಲ. ಮನೆಯ ಹಿಂದೆ ಶೀಟು ಹೊದೆಸಿದ ಉದ್ದನೆಯ ಮಾಡು. ಯಜಮಾನರ ಆಯಿ ಮೂವತ್ತು ವರ್ಷದ ಹಿಂದೆ ಎರಡು ಭರಣಿಯಲ್ಲಿ ಶುರು ಮಾಡಿದ್ದು. ಈಗ 200 ಲೀಟರಿನ 60 ಡ್ರಮ್ಮು. ಹಳ್ಳದ ದಂಡೆಯ ಕಾಡುಮಾವಿನ ಮರಗಳಿಂದ ಮಿಡಿ ಬರುತ್ತದೆ. ಕೊಯ್ಯುವವರು ಬೇರೆ, ತೊಟ್ಟು ಮುರಿಯುವವರು ಬೇರೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಬೆಂಗಳೂರಿನಲ್ಲಿ ಬೇಡಿಕೆ ಇದೆ. ಹಾಗಾಗಿ ಡ್ರಮ್ಮುಗಳು ವರ್ಷ ವರ್ಷ ಹೆಚ್ಚಿದವು.

ಮಿಡಿಯನ್ನು ಹರಳುಪ್ಪಿನ ಜೊತೆ ಪದರ ಪದರವಾಗಿ ತುಂಬಿ ಮೇಲೆ ಭಾರ ಇಡುತ್ತಾರೆ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಮಿಡಿ ಚಿರುಟುತ್ತದೆ, ಡ್ರಮ್ಮಿನಲ್ಲಿ ಹುಳಿಹುಳಿ ಉಪ್ಪುನೀರು ನಿಲ್ಲುತ್ತದೆ. ಮನೆಗಳಲ್ಲಿ ಈ ನೀರನ್ನು ಯಾರೂ ಚೆಲ್ಲುವುದಿಲ್ಲ. ಕುದಿಸಿ, ಆರಿಸಿ, ಸೋಸಿ, ಸಾಸಿವೆ-ಮೆಣಸಿನ ಮಸಾಲೆಯನ್ನು ಅದರಲ್ಲೇ ಕಲಸುತ್ತಾರೆ.

ಘಟಕ ದೊಡ್ಡದಾದಾಗ ಈ ರೂಢಿ ತಪ್ಪಿತು. ನೀರು ಕಂದು ಬಣ್ಣ, ಮಸಾಲೆಯ ಕೆಂಪು ಮಂಕಾಗುತ್ತದೆ ಎಂದು ಯಾರೋ ಸಲಹೆ ಕೊಟ್ಟರು. ಪೇಟೆಯವರಿಗೆ ಉಪ್ಪು ಕಡಿಮೆ ಬೇಕು ಎಂದು ಚಿರುಟಿದ ಮಿಡಿಯನ್ನು ಮೂರು ಸಲ ಸಿಹಿನೀರಿನಲ್ಲಿ ನೆನೆಸಿ ತೊಳೆಯುವ ಪದ್ಧತಿಯೂ ಬಂತು. ಡ್ರಮ್ಮಿನ ನೀರು, ತೊಳೆದ ನೀರು ಎಲ್ಲ ಒಂದೇ ಗುಂಡಿಗೆ. ಗುಂಡಿ ತುಂಬಿದರೆ ಕೆಳಗಿನ ಅಡಿಕೆ ತೋಟದ ಬಸಿಗಾಲುವೆಗೆ. ಈ ಪ್ರಕರಣದ ನಿಜವಾದ ತಿರುವು ಅದೇ ಇರಬೇಕು. ಆದರೆ ನಮಗೆ ಅದು ಕಂಡಿದ್ದು ಎರಡು ವರ್ಷ ತಡವಾಗಿ.

ಕೆಳಮನೆಯ ಚಹಾ

ಮೊದಲು ಮಾತಾಡಿದ್ದು ಅಡಿಕೆ ಮರ. ಗುಂಡಿಯ ಕೆಳಗಿನ ಸಾಲಿನಲ್ಲಿ ಸೋಗೆಯ ತುದಿ ಸುಟ್ಟಂತಾಯಿತು. ಸಿಂಗಾರ ಒಣಗಿತು. ರೋಗ ಎಂದು ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದರು. ಮುಂದಿನ ಬೇಸಿಗೆಯಲ್ಲಿ ಕೆಳಮನೆಯವರು ಬಂದು, "ನಮ್ಮ ಬಾವಿ ನೀರಿನ ಚಹಾ ಉಪ್ಪುಪ್ಪು ಆಗ್ತಾ ಇದೆ" ಎಂದರು. ಜಗಳಕ್ಕೆ ಬಂದಿರಲಿಲ್ಲ. ಆದರೆ ಜಗಳ ಎಷ್ಟು ದೂರ ಇದೆ ಎಂದು ಎಲ್ಲರಿಗೂ ಗೊತ್ತಾಯಿತು.

ಆಗ ನನ್ನನ್ನು ಕರೆದರು. ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರೈಡ್. ಬಾವಿಯ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 480 ಮಿಲಿಗ್ರಾಂ ಇತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ 250ರ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 1000ದವರೆಗೆ ನಡೆಯುತ್ತದೆ. ಅಂದರೆ ವಿಷವಲ್ಲ. ಆದರೆ ಘಟ್ಟದ ಮೇಲಿನ ಬಾವಿಯಲ್ಲಿ ಈ ಅಂಕಿ ಬರಬಾರದು.

ಡ್ರಮ್ಮಿನ ನೀರಲ್ಲಿ ಲೀಟರಿಗೆ 150 ಗ್ರಾಂ ಉಪ್ಪು. ಇಂಥದ್ದು ವರ್ಷಕ್ಕೆ 3000 ಲೀಟರ್, ಅಂದರೆ ನಾಲ್ಕೂವರೆ ಕ್ವಿಂಟಲ್ ಉಪ್ಪು. ತೊಳೆದ ನೀರು 10,000 ಲೀಟರ್, ಲೀಟರಿಗೆ ಸರಾಸರಿ 8 ಗ್ರಾಂ. ಎರಡೂ ಬೆರೆತರೆ ಲೀಟರಿಗೆ 40 ಗ್ರಾಂ ದಾಟುತ್ತದೆ. ಸಮುದ್ರದ ನೀರಿನಲ್ಲಿ ಇರುವುದೇ ಸುಮಾರು 35 ಗ್ರಾಂ. ಕಾರವಾರದ ಕಡಲಿಗಿಂತ ಉಪ್ಪಾದ ನೀರನ್ನು ಇವರು ಅಡಿಕೆ ಬುಡಕ್ಕೆ ಬಿಡುತ್ತಿದ್ದರು. ಘಟಕದ ಪರವಾನಗಿ ಪತ್ರದಲ್ಲಿ ತೋಟಕ್ಕೆ ಬಿಡುವ ನೀರಿಗೆ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಮಿತಿ ಲೀಟರಿಗೆ 2100 ಮಿಲಿಗ್ರಾಂ ಎಂದು ಬರೆದಿತ್ತು. ಇಪ್ಪತ್ತು ಪಟ್ಟು ಜಾಸ್ತಿ.

ಆರ್‌ಒ (ಒತ್ತಡ ಕೊಟ್ಟು ಪೊರೆಯಲ್ಲಿ ನೀರು ಸೋಸುವ ಯಂತ್ರ) ಹಾಕೋಣವೇ ಎಂದು ಯಜಮಾನರ ಮಗ ಕೇಳಿದ. ಸಮುದ್ರದ ನೀರಿಗೇ 55ರಿಂದ 70 ಬಾರ್ ಒತ್ತಡ ಬೇಕು. ಡ್ರಮ್ಮಿನ ನೀರಲ್ಲಿ ಅದರ ನಾಲ್ಕು ಪಟ್ಟು ಉಪ್ಪು, ಮೇಲಿಂದ ಸೊನೆ. ಅದನ್ನು ಅಲ್ಲಿಗೇ ಬಿಟ್ಟೆವು. ಟ್ಯಾಂಕರಿನಲ್ಲಿ ದೇವಿಮನೆ ಘಾಟಿ ಇಳಿಸಿ ಸಮುದ್ರಕ್ಕೆ ಬಿಡುವ ಮಾತೂ ಬಂತು. ಬಾಡಿಗೆಯ ಲೆಕ್ಕಕ್ಕಿಂತ ಮೊದಲು, ಹಾಗೆ ಬಿಡಲು ಅನುಮತಿ ಕೊಡುವವರು ಯಾರು?

ಶೇಕಡಾ 90 ಎಂಬ ಅಂಕಿ

ಆ ಹೊತ್ತಿಗೆ ಒಬ್ಬ ಮಾರಾಟಗಾರರ ಕರಪತ್ರ ಕೈಗೆ ಬಂತು. ಮತ್ತೆ ಮತ್ತೆ ಬಳಸಬಹುದಾದ ಖನಿಜದ ಅಡ್ಸಾರ್ಬೆಂಟ್ (ನೀರಲ್ಲಿ ಕರಗಿದ್ದನ್ನು ಹಿಡಿದಿಟ್ಟುಕೊಳ್ಳುವ ಪುಡಿ), ಉಪ್ಪುನೀರಿನ ಕ್ಲೋರೈಡನ್ನು ಶೇಕಡಾ 90ರಷ್ಟು ಹಿಡಿಯುತ್ತದೆ ಎಂದಿತ್ತು. ನಾನು ಓದಿ ಖುಷಿಪಟ್ಟೆ. ಸುಮ್ನೆ ಅಲ್ಲ, ಹಿಂದಿನ ರಸಾಯನಶಾಸ್ತ್ರ ನಿಜವೇ.

ಅದು ಹೈಡ್ರೋಟಾಲ್ಸೈಟ್. ಮೆಗ್ನೀಸಿಯಮ್ ಮತ್ತು ಅಲ್ಯೂಮಿನಿಯಮ್ಮಿನ ಹಾಳೆಗಳು, ನಡುವೆ ಕಾರ್ಬೊನೇಟ್ ಮತ್ತು ನೀರು. 450-500 ಡಿಗ್ರಿಯಲ್ಲಿ ಸುಟ್ಟರೆ ಕಾರ್ಬೊನೇಟ್, ನೀರು ಹಾರಿಹೋಗಿ ಹಾಳೆಗಳು ಕುಸಿಯುತ್ತವೆ. ಆ ಪುಡಿಯನ್ನು ಉಪ್ಪುನೀರಿಗೆ ಹಾಕಿದರೆ ತನ್ನ ಹಳೆಯ ರೂಪ ನೆನಪಾದಂತೆ ಮತ್ತೆ ಹಾಳೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳುವಾಗ ಕ್ಲೋರೈಡನ್ನು ನಡುವೆ ಸೇರಿಸಿಕೊಳ್ಳುತ್ತದೆ. ಸೋಡಿಯಂ ಹಿಡಿಯಲು ಜಿಯೋಲೈಟ್ ಇದೆ, ತೂತುತೂತಿನ ಕಲ್ಲು. ದಖ್ಖನ್ನಿನ ಕಪ್ಪುಕಲ್ಲಿನ ಸಂದುಗಳಲ್ಲಿ ಬೇಕಾದಷ್ಟು ಸಿಗುವ ಜಾತಿ. ಒಂದು ಕ್ಲೋರೈಡಿಗೆ, ಇನ್ನೊಂದು ಸೋಡಿಯಮ್ಮಿಗೆ. ಜೋಡಿ ಚೆನ್ನಾಗಿದೆ ಅನ್ನಿಸಿತು.

ಮನೆಯ ಅಡಿಗೆ ಉಪ್ಪನ್ನೇ ಲೀಟರಿಗೆ 2 ಗ್ರಾಂ ಕರಗಿಸಿ ಪರೀಕ್ಷೆ ಮಾಡಿದೆ. ಪುಡಿ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಟಿಡಿಎಸ್ ಪೆನ್ನು ಅದ್ದಿದರೆ 2000 ಇದ್ದದ್ದು 3800 ಆಗಿತ್ತು. ಯಜಮಾನರು ನನ್ನ ಮುಖ ನೋಡಿದರು. ನಾನು ಪೆನ್ನು ಹಾಳಾಗಿದೆ ಎಂದೆ.

ಪೆನ್ನು ಹಾಳಾಗಿರಲಿಲ್ಲ. ನೀರನ್ನು ತಟಸ್ಥ ಮಾಡಿ ಸಿಲ್ವರ್ ನೈಟ್ರೇಟ್ ಹಾಕಿ ಅಳೆದರೆ ಕ್ಲೋರೈಡ್ ನಿಜಕ್ಕೂ ಹತ್ತರಲ್ಲಿ ಒಂಬತ್ತು ಪಾಲು ಹೋಗಿತ್ತು. ಆದರೆ ಪುಡಿ ಕ್ಲೋರೈಡ್ ತೆಗೆದುಕೊಂಡು ಹೈಡ್ರಾಕ್ಸೈಡ್ ಕೊಟ್ಟಿತ್ತು. ಉಪ್ಪುನೀರು ಈಗ ಕಾಸ್ಟಿಕ್ ಸೋಡಾದ ನೀರು, ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ತಟಸ್ಥ) 12ರ ಮೇಲೆ. ಪೆನ್ನು ಅಳೆಯುವುದು ವಿದ್ಯುತ್ತು ಹರಿಯುವ ಗುಣವನ್ನು. ಹೈಡ್ರಾಕ್ಸೈಡ್ ಕ್ಲೋರೈಡಿಗಿಂತ ಎಷ್ಟೋ ಚುರುಕಾಗಿ ವಿದ್ಯುತ್ತು ಒಯ್ಯುತ್ತದೆ, ಹಾಗಾಗಿ ಅಂಕಿ ಏರಿತ್ತು. ಕ್ಲಾಸಿನಲ್ಲಿ ಹತ್ತಾರು ವರ್ಷ ಇದನ್ನೇ ಪಾಠ ಮಾಡಿದವನು ನಾನು!

ಜಿಯೋಲೈಟನ್ನು ಮೊದಲು ಆಸಿಡ್ಡಿನಲ್ಲಿ ತೊಳೆದು ಬಳಸಿದಾಗ ದಾರಿ ಸಿಕ್ಕಿತು. ಆಗ ಅದು ಸೋಡಿಯಂ ಹಿಡಿದು ಹೈಡ್ರೋಜನ್ ಬಿಡುತ್ತದೆ. ಆ ಹೈಡ್ರೋಜನ್, ಈ ಹೈಡ್ರಾಕ್ಸೈಡ್ ಸೇರಿದರೆ ನೀರು. ಪೆನ್ನು 600ಕ್ಕೆ ಇಳಿಯಿತು. ಆ ಸಂಜೆಯೇ ಯಜಮಾನರು 60 ಕಿಲೋ ಪುಡಿ, 100 ಕಿಲೋ ಜಿಯೋಲೈಟಿಗೆ ಹಣ ಕಳಿಸಿದರು. ಎಷ್ಟು ಎಂದು ಆಯಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ನಾನು ತಡೆಯಬೇಕಿತ್ತು. ನಿಜವಾದ ಡ್ರಮ್ಮಿನ ನೀರಿನಲ್ಲಿ ಒಂದು ಲೋಟದಷ್ಟಾದರೂ ಪರೀಕ್ಷೆ ಮಾಡಬೇಕಿತ್ತು. ಡ್ರಮ್ಮು ಹತ್ತು ಹೆಜ್ಜೆ ದೂರದಲ್ಲಿತ್ತು, ಅಲ್ವಾ?

ಗಂಜಿ

ಮಾಲು ಬಂದ ಮೇಲೆ ಎರಡು ಲೀಟರ್ ಡ್ರಮ್ಮಿನ ನೀರಿಗೆ 200 ಗ್ರಾಂ ಪುಡಿ ಹಾಕಿದೆವು. ಮಿಡಿಯ ನೀರಿನ ಪಿಎಚ್ 3ರ ಆಸುಪಾಸು. ಹೈಡ್ರೋಟಾಲ್ಸೈಟ್ ಅಂಥ ಹುಳಿಯಲ್ಲಿ ಬಾಳುವುದಿಲ್ಲ, ಕರಗುತ್ತದೆ. ಒಂದಿಷ್ಟು ಪುಡಿ ಕರಗಿತು. ಹುಳಿ ಮುರಿದ ಮೇಲೆ ಅದರ ಅಲ್ಯೂಮಿನಿಯಂ ಲೋಳೆಯಾಗಿ ಕೆಳಗಿಳಿಯಿತು. ನೀರು ಕ್ಷಾರವಾದ ಹಾಗೆ ಸೊನೆಯ ಅಂಶ ಕಪ್ಪುಗಟ್ಟಿ ಕಾಫಿ ಡಿಕಾಕ್ಷನ್ನಿನಂತಾಯಿತು. ಬಟ್ಟೆಯಲ್ಲಿ ಸೋಸಲು ಹೋದರೆ ಗಂಜಿಯಂತೆ ನಿಂತುಬಿಟ್ಟಿತು. ಕ್ಲೋರೈಡ್ ನೂರಕ್ಕೆ ಹತ್ತು ಭಾಗವೂ ಇಳಿದಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಈ ಪುಡಿಗೆ ಕ್ಲೋರೈಡ್ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ. ಕಾರ್ಬೊನೇಟ್, ಸಲ್ಫೇಟ್ ಸಿಕ್ಕರೆ ಮೊದಲು ಅವನ್ನೇ ಸೇರಿಸಿಕೊಳ್ಳುತ್ತದೆ. ಮಿಡಿಯ ಹುಳಿಯ ಆಮ್ಲಗಳೂ ಸಾಲಿನಲ್ಲಿ ನಿಂತಿದ್ದವು.

ಅವತ್ತು ರಾತ್ರಿ ಕರಪತ್ರವನ್ನು ಮತ್ತೆ ಓದಿದೆ, ಈ ಸಲ ಸಣ್ಣ ಅಕ್ಷರಗಳನ್ನೂ. ಪರೀಕ್ಷೆ ಮಾಡಿದ ನೀರಲ್ಲಿ ಕ್ಲೋರೈಡ್ ಲೀಟರಿಗೆ ಅರ್ಧ ಗ್ರಾಂ. ಹಾಕಿದ ಪುಡಿ ಲೀಟರಿಗೆ 20 ಗ್ರಾಂ. ಶೇಕಡಾ 90 ಎನ್ನುವುದು ಸುಳ್ಳಲ್ಲ. ಆದರೆ ಅಲ್ಲಿ ಒಂದು ಕಿಲೋ ಪುಡಿ ಹಿಡಿದದ್ದು 22-23 ಗ್ರಾಂ ಕ್ಲೋರೈಡ್ ಮಾತ್ರ. ಉಪ್ಪು ಹೆಚ್ಚಿದ್ದಾಗ ಇನ್ನಷ್ಟು ಹಿಡಿದೀತು. ಪುಸ್ತಕದ ಲೆಕ್ಕದಲ್ಲಿ ಗರಿಷ್ಠ ಅಂದರೆ ಕಿಲೋಗೆ 200 ಗ್ರಾಂ. ಕೈಗೆ ಅದರ ಅರ್ಧ ಸಿಕ್ಕಿದರೂ ಪುಣ್ಯ. ನಮ್ಮ ನಾಲ್ಕೂವರೆ ಕ್ವಿಂಟಲ್ ಉಪ್ಪಿನಲ್ಲಿ ಕ್ಲೋರೈಡೇ 270 ಕಿಲೋ ಮೇಲೆ. ಅಷ್ಟಕ್ಕೆ ಒಂದೇ ಸಲಕ್ಕೆ 2700 ಕಿಲೋ ಪುಡಿ ಬೇಕು. ಜಿಯೋಲೈಟಿನದು ಇನ್ನೂ ಕಷ್ಟ. ಕಿಲೋಗೆ 40-50 ಗ್ರಾಂ ಸೋಡಿಯಂ ಹಿಡಿದರೆ ಬಹಳ. ನಮ್ಮ ಒಂದು ಲೀಟರ್ ನೀರಲ್ಲೇ 59 ಗ್ರಾಂ ಸೋಡಿಯಂ ಇದೆ. ಒಂದು ಲೀಟರ್ ನೀರಿಗೆ ಒಂದು ಕಿಲೋಗಿಂತ ಹೆಚ್ಚು ಕಲ್ಲು!

ಕ್ಯಾಲೆಂಡರಿನ ಹಿಂಬದಿಯಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಲೆಕ್ಕ ಇದು. ಹಣ ಕಳಿಸುವ ಮೊದಲು ಮಾಡಲಿಲ್ಲ.

ಮರುಬಳಕೆ ಎಂಬ ಮಾತು

ಆದರೂ ನಾವು ಬಿಡಲಿಲ್ಲ. ಮತ್ತೆ ಮತ್ತೆ ಬಳಸಬಹುದು ಎಂದಿದೆಯಲ್ಲ, 60 ಕಿಲೋವನ್ನೇ 45 ಸಲ ತಿರುಗಿಸಿದರಾಯಿತು ಎಂದ ಯಜಮಾನರ ಮಗ. ಲೆಕ್ಕ ಸರಿ. ತಿರುಗಿಸುವುದು ಹೇಗೆ?

ಕ್ಲೋರೈಡ್ ತುಂಬಿದ ಪುಡಿಯನ್ನು ಹಾಗೇ ಸುಟ್ಟರೆ ಹೈಡ್ರೋಕ್ಲೋರಿಕ್ ಆಸಿಡ್ಡಿನ ಹೊಗೆ ಏಳುತ್ತದೆ. ಹಾಗಾಗಿ ಮೊದಲು ವಾಷಿಂಗ್ ಸೋಡಾದ ನೀರಿನಲ್ಲಿ ತೊಳೆದು ಕ್ಲೋರೈಡ್ ಬಿಡಿಸಬೇಕು, ಕಾರ್ಬೊನೇಟ್ ತುಂಬಬೇಕು. ಆಮೇಲೆ ಒಣಗಿಸಿ ಸುಡಬೇಕು. ಅಡಿಕೆ ಬೇಯಿಸುವ ಒಲೆಯಲ್ಲಿ 500 ಡಿಗ್ರಿ ಸಮನಾಗಿ ನಿಲ್ಲುವುದಿಲ್ಲ. ಒಬ್ಬ ಕುಂಬಾರರ ಭಟ್ಟಿಯಲ್ಲಿ ಒಂದು ಮಡಕೆ ಪುಡಿ ಇಟ್ಟು ನೋಡಿದೆವು. ಬೆಂಕಿ ಜೋರಾದ ಕಡೆ ಪುಡಿ ಸತ್ತೇಹೋಯಿತು. ತೀರಾ ಹೆಚ್ಚು ಸುಟ್ಟರೆ ಅದು ಬೇರೆಯೇ ಗಟ್ಟಿ ಖನಿಜವಾಗುತ್ತದೆ, ಹಳೆಯ ರೂಪ ಮತ್ತೆ ಬರುವುದಿಲ್ಲ. ಕೊನೆಗೆ ಪರಿಚಯದವರೊಬ್ಬರ ಸಣ್ಣ ವಿದ್ಯುತ್ ಕುಲುಮೆ ಸಿಕ್ಕಿತು. ಒಂದು ಸಲಕ್ಕೆ ಮೂರು ಕಿಲೋ.

ಈ ಗಡಿಬಿಡಿಯಲ್ಲಿ ಒಂದು ಮಧ್ಯಾಹ್ನ ನಾನು ಸೋಡಾ ತೊಳೆದ ನೀರನ್ನು ಬಕೆಟ್ಟಿನಿಂದ ಗುಂಡಿಗೆ ಸುರಿಯುತ್ತಿದ್ದೆ. ಆಯಿ ಜಗುಲಿಯ ಮೇಲೆ ಕೂತು ನೋಡುತ್ತಿದ್ದರು.

"ಈ ನೀರಲ್ಲಿ ಎಂತ ಇದ್ದು ಮಾಸ್ತರೆ?"

"ಉಪ್ಪು ಆಯಿ. ಪುಡಿ ಹಿಡಿದದ್ದು."

"ಮತ್ತೆ, ಮೊದಲೂ ಆ ಗುಂಡಿಗೆ ಅದೇ ಹೋಗ್ತಿತ್ತಲ್ಲ?"

ನಾನು ಬಕೆಟ್ಟು ಕೆಳಗಿಟ್ಟೆ. ಪುಡಿ ಉಪ್ಪನ್ನು ತಿಂದು ಜೀರ್ಣ ಮಾಡಿಕೊಳ್ಳುವುದಿಲ್ಲ. ಹೊತ್ತುಕೊಳ್ಳುತ್ತದೆ, ಅಷ್ಟೆ. ಮತ್ತೆ ಬಳಸಬೇಕಾದರೆ ಎಲ್ಲೋ ಒಂದು ಕಡೆ ಇಳಿಸಲೇಬೇಕು. ಇಳಿಸಲು ನಮಗೆ ಇದ್ದದ್ದು ಅದೇ ಗುಂಡಿ. ಸೋಡಾ ಮತ್ತು ಕರೆಂಟು ಖರ್ಚು ಮಾಡಿ ಉಪ್ಪಿಗೆ ಒಂದು ಸುತ್ತು ಪ್ರದಕ್ಷಿಣೆ ಹಾಕಿಸಿದ್ದೆವು.

ಇಂಥ ಪುಡಿಗಳು ಕೆಲಸಕ್ಕೆ ಬಾರದವು ಎಂದು ನಾನು ಹೇಳುತ್ತಿಲ್ಲ. ನೀರಿನಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ ಇರುವ ಫ್ಲೋರೈಡ್, ಫಾಸ್ಫೇಟ್, ಆರ್ಸೆನಿಕ್ ಹಿಡಿಯುವುದರಲ್ಲಿ ಇವು ಗಟ್ಟಿಗ. ಚೀನಾದ ಉಪ್ಪಿನ ಸರೋವರಗಳ ನೀರಿನಿಂದ ಲಿಥಿಯಂ ತೆಗೆಯಲು ಇದೇ ಕುಟುಂಬದ ಪುಡಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸುತ್ತಾರೆ, ಬರೀ ನೀರಲ್ಲಿ ತೊಳೆದು ಮತ್ತೆ ಬಳಸುತ್ತಾರೆ. ಅಲ್ಲಿ ಉಪ್ಪಿನ ರಾಶಿಯಿಂದ ಬೆಲೆಬಾಳುವ ಒಂದು ಚಿಟಿಕೆಯನ್ನು ಆರಿಸಿಕೊಳ್ಳುವ ಕೆಲಸ. ನಾವು ರಾಶಿಯನ್ನೇ ಎತ್ತಲು ಹೊರಟಿದ್ದೆವು.

ಎರಡನೆಯ ಬೇಸಿಗೆ

ಮುಂದಿನ ಹಂಗಾಮಿಗೆ ಮೊದಲು ಮಾಡಿದ್ದು ಗುಂಡಿ ಮುಚ್ಚಿದ್ದು. ಡ್ರಮ್ಮಿನ ನೀರು ಬೇರೆ, ತೊಳೆದ ನೀರು ಬೇರೆ ಟ್ಯಾಂಕಿಗೆ. ಗಟ್ಟಿ ಉಪ್ಪುನೀರಿಗೆ ತೆಳು ನೀರು ಬೆರೆಸಿದಾಗ ನಮಗೆ ಸಿಗುತ್ತಿದ್ದದ್ದು ಯಾವುದಕ್ಕೂ ಉಪಯೋಗವಿಲ್ಲದ ನಾಲ್ಕು ಪಟ್ಟು ನೀರು. ಬೇರೆ ಮಾಡಿದ ಕೂಡಲೇ ಡ್ರಮ್ಮಿನ ನೀರು ತ್ಯಾಜ್ಯವಲ್ಲ, ಸಾಮಾನು ಎಂದು ಕಾಣತೊಡಗಿತು.

ಆಯಿಯ ಪದ್ಧತಿಗೇ ಹಿಂದಿರುಗಿದರು. ಕುದಿಸಿ, ಸೋಸಿ, ಮಸಾಲೆ ಕಲಸಲು 1800 ಲೀಟರ್. ಬಣ್ಣ ಮಂಕಾಗುವುದು ನಿಜ. ಅದಕ್ಕೆ ಬ್ಯಾಡಗಿ ಮೆಣಸು ಸ್ವಲ್ಪ ಹೆಚ್ಚು ಹಾಕಿದರು. ಯಜಮಾನರು ಖರ್ಚಿನ ಪುಸ್ತಕ ತೆರೆದು ನೋಡಿ ನಕ್ಕರು. ಇಷ್ಟು ವರ್ಷ ಮಿಡಿಯಿಂದ ಉಪ್ಪು ತೊಳೆದು ಚೆಲ್ಲಿ, ಮಸಾಲೆಗೆ ಹೊಸ ಉಪ್ಪು ಕೊಂಡು ಹಾಕುತ್ತಿದ್ದರು. ನಿಂಬೆ, ಅಮಟೆಕಾಯಿ ಊರಿಡಲು ಇನ್ನೊಂದು 700 ಲೀಟರ್ ಹೋಯಿತು. ಉಳಿದದ್ದು 500.

ಅದನ್ನೇನು ಮಾಡುವುದು? ಯಜಮಾನರು ಮಿಡಿಗೆ ಸಾಣಿಕಟ್ಟಾದ ಉಪ್ಪನ್ನೇ ತರುವವರು. ಆ ಸಲ ಉಪ್ಪು ತರಲು ಹೋದವರು ಅಘನಾಶಿನಿ ಅಳಿವೆಯ ಪಕ್ಕದ ಉಪ್ಪಿನ ಆಗರಗಳಲ್ಲಿ ಅರ್ಧ ದಿನ ನಿಂತು ನೋಡಿದರು. ಅಲ್ಲಿ ಬಿಸಿಲು ಮತ್ತು ಗಾಳಿಯೇ ಯಂತ್ರ. ನೀರು ಎಷ್ಟು ಗಟ್ಟಿಯಾಯಿತು ಎಂದು ಬೋಮೆ ಡಿಗ್ರಿಯಲ್ಲಿ ಲೆಕ್ಕ. ಕಡಲ ನೀರು 3 ಡಿಗ್ರಿಯ ಆಸುಪಾಸು, 25ರ ಹತ್ತಿರ ಉಪ್ಪು ಹರಳುಗಟ್ಟುತ್ತದೆ. ನಮ್ಮ ಡ್ರಮ್ಮಿನ ನೀರು ಆಗಲೇ 14ರ ಹತ್ತಿರ ಇತ್ತು. ಅರ್ಧ ದಾರಿ ಬಂದಾಗಿತ್ತು!

ಘಟ್ಟದ ಮೇಲೆ ಆಗರ ಕಟ್ಟಲು ಆಗುತ್ತದೆಯೇ? ಜೂನಿಗೆ ಮಳೆ ಹಿಡಿದರೆ ಎಲ್ಲ ತೊಳೆದುಹೋಗುತ್ತದೆ. ಆದರೆ ಅವರ ಮನೆಯಲ್ಲಿ ಅಡಿಕೆ ಒಣಗಿಸುವ ಪಾಲಿಹೌಸ್ ಇತ್ತು. ಅಡಿಕೆ ಒಣಗುವುದು ಚಳಿಗಾಲದಲ್ಲಿ. ಮಿಡಿಯ ನೀರು ಬರುವುದು ಏಪ್ರಿಲ್-ಮೇಯಲ್ಲಿ, ಪಾಲಿಹೌಸ್ ಖಾಲಿ ಬಿದ್ದಿರುವ ಹೊತ್ತು. ಇದು ಹೊಳೆದದ್ದು ಮಗನಿಗೆ. ಇಡೀ ಪ್ರಕರಣದಲ್ಲಿ ಅತ್ಯಂತ ಒಳ್ಳೆಯ ನಿರ್ಧಾರ ಎಂದರೆ ಇದೇ ಎಂದು ನನ್ನ ಅಭಿಪ್ರಾಯ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಸುತ್ತ ಇಟ್ಟಿಗೆ ಇಟ್ಟು, ನಾಲ್ಕು ಬೆರಳು ಎತ್ತರ ನೀರು ನಿಲ್ಲಿಸಿದರು. ಎರಡೂ ಬದಿಯ ಬಾಗಿಲು ತೆರೆದಿಟ್ಟರು, ಇಲ್ಲದಿದ್ದರೆ ಆವಿ ಹೊರಗೆ ಹೋಗದೆ ಛಾವಣಿಯಿಂದ ಮತ್ತೆ ತೊಟ್ಟಿಕ್ಕುತ್ತದೆ. ಮೊದಲ ಮತ್ತು ಎರಡನೆಯ ತೊಳೆತದ ನೀರೂ ಅಲ್ಲಿಗೇ ಹೋಯಿತು. ಕಂತು ಕಂತಾಗಿ ಬಿಟ್ಟು, ಮೇ ಮುಗಿಯುವುದರೊಳಗೆ ಎಲ್ಲ ಆರಿತು.

ಸಿಕ್ಕಿದ ಉಪ್ಪು ಕಂದು, ಹುಳಿವಾಸನೆ. ಊಟಕ್ಕಲ್ಲ. ಘಟ್ಟದ ಕೆಳಗಿನ ನೆಂಟರೊಬ್ಬರು ಚೀಲಗಟ್ಟಲೆ ಒಯ್ದರು. ತೆಂಗಿನ ಬುಡಕ್ಕೆ ಒಂದೆರಡು ಕಿಲೋ ಉಪ್ಪು ಹಾಕುವ ರೂಢಿ ಕರಾವಳಿಯಲ್ಲಿ ಹಳೆಯದು. ಅಡಿಕೆಯನ್ನು ಕೊಂದ ಕ್ಲೋರೈಡ್ ತೆಂಗಿಗೆ ಬೇಕಾದ ಆಹಾರ.

ಪುಡಿಗೆ ಕೆಲಸ ಸಿಕ್ಕಿದ್ದು ಮೂರನೆಯ ತೊಳೆತದ ನೀರಿನಲ್ಲಿ. 3000 ಲೀಟರ್, ಲೀಟರಿಗೆ ಸುಮಾರು 3 ಗ್ರಾಂ ಉಪ್ಪು, ಹುಳಿಯೂ ಕಡಿಮೆ. ಅದನ್ನು 2100ರ ಒಳಗೆ ತರಬೇಕಿತ್ತು, ಅಷ್ಟೆ. ಇಲ್ಲಿ ಹೈಡ್ರೋಟಾಲ್ಸೈಟ್-ಜಿಯೋಲೈಟ್ ಜೋಡಿ ಹೇಳಿದ ಮಾತು ಉಳಿಸಿಕೊಂಡಿತು. ನಾಲ್ಕು ಸುತ್ತು ಬಳಸಿದೆವು. ಸುತ್ತು ಸುತ್ತಿಗೂ ಹಿಡಿಯುವ ಶಕ್ತಿ ಸ್ವಲ್ಪ ಸ್ವಲ್ಪ ಇಳಿಯಿತು. ತೊಳೆದ ಸೋಡಾ ನೀರು ಈ ಸಲ ಪಾಲಿಹೌಸಿಗೆ ಹೋಯಿತು, ಪ್ರತ್ಯೇಕ ಮಡಿಗೆ.

ಮೂರನೆಯ ವರ್ಷ ಅದೂ ಬೇಡವಾಯಿತು. ಮಿಡಿ ತೊಳೆಯುವ ಅಕ್ಕ ಒಬ್ಬರು, ಮೂರನೆಯ ಸಲದ ನೀರು ಹೆಚ್ಚು ಉಪ್ಪಿಲ್ಲವಲ್ಲ, ಮುಂದಿನ ಡ್ರಮ್ಮಿನ ಮಿಡಿಗೆ ಅದನ್ನೇ ಎರಡನೆಯ ಸಲಕ್ಕೆ ಹಾಕಿದರೆ ಆಗದೇ ಎಂದರು. ಎರಡನೆಯದನ್ನು ಮೊದಲಿಗೆ. ಹೊಸ ನೀರು ಕೊನೆಯ ತೊಳೆತಕ್ಕೆ ಮಾತ್ರ. ಇಂಜಿನಿಯರುಗಳು ಇದಕ್ಕೆ ದೊಡ್ಡ ಹೆಸರು ಇಟ್ಟಿದ್ದಾರೆ. ನಮಗೆ ಹೇಳಿದ್ದು ಬೆಳಗಿಂದ ಸಂಜೆವರೆಗೆ ಕೈ ನೀರಲ್ಲಿರುವ ಹೆಂಗಸು. 10,000 ಲೀಟರ್ ಇದ್ದ ತೊಳೆಯುವ ನೀರು 3500ಕ್ಕೆ ಇಳಿಯಿತು. ಹೊರಗೆ ಬರುವುದು ಮೊದಲ ತೊಟ್ಟಿಯಿಂದ ಮಾತ್ರ, ಅದು ನೇರ ಪಾಲಿಹೌಸಿಗೆ.

ಈಗ

ತೋಟದಲ್ಲಿ 27 ಮರ ಹೋದವು. ಉಳಿದವು ಚೇತರಿಸಿಕೊಂಡಿವೆ. ನಮ್ಮ ಮಳೆಗೆ ಮಣ್ಣಿನ ಉಪ್ಪು ಬೇಗ ಇಳಿದುಹೋಗುತ್ತದೆ. ಹಾಗೆ ಇಳಿದದ್ದೇ ಕೆಳಮನೆಯ ಬಾವಿಗೆ ಹೋದದ್ದು ಕೂಡ. ಗುಂಡಿ ಮುಚ್ಚಿದ ಮೊದಲ ಮಳೆಗಾಲದ ನಂತರವೂ ಬಾವಿಯಲ್ಲಿ ಕ್ಲೋರೈಡ್ 310 ಇತ್ತು. ಆಗ ಕೆಳಮನೆಯವರು ನಮ್ಮನ್ನು ನಂಬಲಿಲ್ಲ, ನಂಬದಿದ್ದದ್ದು ತಪ್ಪೂ ಅಲ್ಲ. ಈ ಮೇ ತಿಂಗಳಲ್ಲಿ 120.

ತೊಂದರೆ ಪೂರ್ತಿ ಮುಗಿದಿಲ್ಲ. ಪಾಲಿಹೌಸಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳು ಬುಡದಲ್ಲಿ ತುಕ್ಕು ಹಿಡಿಯತೊಡಗಿವೆ. ಕಳೆದ ಚಳಿಗಾಲ ಅಲ್ಲಿ ಒಣಗಿದ ಅಡಿಕೆಗೆ ಹುಳಿವಾಸನೆ ಇದೆ ಎಂದು ವ್ಯಾಪಾರಿಯೊಬ್ಬರು ಮೂಗು ಮುರಿದರು. ಇದ್ದಿರಲೂಬಹುದು. ಉಪ್ಪು ಎತ್ತಿದ ಮೇಲೆ ನೆಲದ ಪ್ಲಾಸ್ಟಿಕ್ ಬದಲಿಸದೆ ಬರೀ ತೊಳೆದಿದ್ದರು. ಈಗ ಮಡಿಗಳಿಗೆ ಬೇರೆಯೇ ಬಿದಿರಿನ ಚಪ್ಪರ ಕಟ್ಟುವ ಮಾತು ನಡೆದಿದೆ. ಬಿದಿರು ಕಡಿದು ಹಳ್ಳದಲ್ಲಿ ನೆನೆಹಾಕಿದ್ದಾರೆ.